ಗೃಹಹತ್ಯೆಯ ವಿಚಾರಣೆಯಲ್ಲಿ ಮರಣಕಾಲಿಕ ಹೇಳಿಕೆ

ಮನೆಯೊಳಗಣ ಕೊಲೆಗೆ ಹೊರಗಿನ ಸಾಕ್ಷಿ ದೊರೆಯುವುದು ವಿರಳ. ಕಂಡವರಿದ್ದರೆ ಅವರು ಪ್ರಾಯಶಃ ಬಂಧುಗಳೇ. ಆದಕಾರಣ ಮೃತಳ ಕಡೆಯ ಮಾತೇ ಅನೇಕ ವೇಳೆ ಮುಖ್ಯ ಆಧಾರವಾಗುತ್ತದೆ. ಅದನ್ನು ಎಷ್ಟರಮಟ್ಟಿಗೆ ನೆಚ್ಚಬಹುದೆಂಬುದೇ ಇಲ್ಲಿಯ ವಿಚಾರ.

1872ರ ಸಾಕ್ಷ್ಯ ಅಧಿನಿಯಮದ 32(1)ನೆಯ ಪ್ರಕರಣವು ಇಂತಹ ಹೇಳಿಕೆಯನ್ನು ಗ್ರಾಹ್ಯವೆಂದಿತು; 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 26ನೆಯ ಪ್ರಕರಣವೂ ಆ ತತ್ತ್ವವನ್ನು ಉಳಿಸಿಕೊಂಡಿದೆ. ಸಾವು ಸನ್ನಿಹಿತವೆಂಬ ಅರಿವು ಹೇಳುವವರಿಗೆ ಇರಲೇಬೇಕೆಂಬ ನಿರ್ಬಂಧ ನಮ್ಮಲ್ಲಿಲ್ಲ. ಆದರೆ ಹೇಳಿಕೆಯು ಮರಣದ ಕಾರಣವನ್ನೋ ಅದಕ್ಕೆ ಎಡೆಮಾಡಿದ ಸನ್ನಿವೇಶವನ್ನೋ ಕುರಿತಿರಬೇಕು. ಹೇಳಿದವರು ಬದುಕುಳಿದರೆ ಅವರೇ ನ್ಯಾಯಾಲಯಕ್ಕೆ ಬಂದು ಸಾಕ್ಷಿ ನುಡಿಯಬೇಕಾಗುತ್ತದೆ.

ಈ ಹೇಳಿಕೆಗೆ ಪ್ರಮಾಣವಚನವಿಲ್ಲ, ಪಾಟೀಸವಾಲೂ ಇಲ್ಲ. ಆದುದರಿಂದಲೇ 1953ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಅನ್ಯ ಸಮರ್ಥನೆಯಿಲ್ಲದೆ ಇದೊಂದರಿಂದಲೇ ಶಿಕ್ಷಿಸುವುದು ಕ್ಷೇಮವಲ್ಲವೆಂದಿತ್ತು. 1957ರಲ್ಲಿ ಖುಷಾಲ್ ರಾವ್ ಮೊಕದ್ದಮೆಯು ಈ ಅಭಿಪ್ರಾಯವನ್ನು ತಿದ್ದಿತು: ಹೇಳಿಕೆ ಸತ್ಯವೂ ಸ್ವಯಂಪ್ರೇರಿತವೂ ಎಂದು ಮನವರಿಕೆಯಾದರೆ ಅದೊಂದೇ ಸಾಕು. ಮ್ಯಾಜಿಸ್ಟ್ರೇಟರು ಪ್ರಶ್ನೋತ್ತರ ರೂಪದಲ್ಲಿ, ಆದಷ್ಟೂ ಹೇಳಿದವರ ಮಾತಿನಲ್ಲಿಯೇ ಬರೆದುಕೊಂಡದ್ದಕ್ಕೆ ಹೆಚ್ಚಿನ ಬೆಲೆಯೆಂದೂ ಅದು ಸಾರಿತು. ವೈದ್ಯರ ದೃಢೀಕರಣವಿಲ್ಲವೆಂಬಷ್ಟರಿಂದಲೇ ಹೇಳಿಕೆ ಬಿದ್ದುಹೋಗದೆಂದು 2002ರಲ್ಲಿ ಸಂವಿಧಾನ ಪೀಠವು ನಿರ್ಣಯಿಸಿತು.

‘ಹೇಳಿದವರ ಮಾತು’ ಎಂಬ ಈ ನಿಬಂಧನೆಯೇ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ವಿಶೇಷ ತೊಡಕನ್ನೊಡ್ಡುತ್ತದೆ. ಇಲ್ಲಿ ಮನೆಮಾತು ತುಳು, ಅರೆಭಾಷೆ, ಬ್ಯಾರಿ, ಮಲಯಾಳ ಮುಂತಾಗಿ ಹಲವು, ದಾಖಲೆಯದು ಕನ್ನಡ. ಉದಾಹರಣೆಗೆ, ತುಳುವಿನಲ್ಲಿ ‘ತೂ ಪತ್ತ್ಂಡ್’ ಎಂದರೆ ಬೆಂಕಿ ಹತ್ತಿತು. ‘ತೂ ಕೊರಿಯೆರ್’ ಎಂದರೆ ಬೆಂಕಿ ಇಟ್ಟರು. ಆಕಸ್ಮಿಕಕ್ಕೂ ಕೊಲೆಗೂ ನಡುವಣ ಅಂತರ ಒಂದು ಕ್ರಿಯಾಪದ ಮಾತ್ರ. ಅಷ್ಟೇ ಅಲ್ಲ, ‘ಕೊರಿಯೆರ್’ ಎಂಬುದು ಗೌರವಾರ್ಥದ ಏಕವಚನವೂ ಹೌದು, ಬಹುವಚನವೂ ಹೌದು. ಪತಿಯನ್ನು ಬಹುವಚನದಿಂದಲೇ ನಿರ್ದೇಶಿಸುವ ಹೆಣ್ಣುಮಗಳು ಆತನೊಬ್ಬನನ್ನು ದೂರುತ್ತಿರುವಳೋ, ಅತ್ತೆ ಮೈದುನರನ್ನೂ ಸೇರಿಸಿರುವಳೋ? ಕನ್ನಡದ ‘ಇಟ್ಟರು’ ಎಂಬ ಅನುವಾದವೂ ಸಂದೇಹವನ್ನು ಹಾಗೆಯೇ ಉಳಿಸುತ್ತದೆ. “ಯಾರು, ಎಷ್ಟು ಮಂದಿ?” ಎಂಬ ಮರುಪ್ರಶ್ನೆಯೊಂದೇ ಇದಕ್ಕೆ ಪರಿಹಾರ. ಆ ಪ್ರಶ್ನೆಯನ್ನು ಕೇಳದೆ ಬಿಟ್ಟರೆ ನಿರ್ದೋಷಿಯು ಬಂದಿಯಾಗಬಹುದು, ಇಲ್ಲವೆ ದೋಷಿಯು ಪಾರಾಗಬಹುದು.

ಹೇಳಿಕೆಗಳು ಒಂದಕ್ಕಿಂತ ಹೆಚ್ಚಿದ್ದು ಪರಸ್ಪರ ವಿರೋಧಿಸಿದಾಗಲೂ ಇಂತಹುದೇ ಎಚ್ಚರ ಅಗತ್ಯ. ಪತಿಯ ಬಂಧುಗಳ ಮುಂದೆ ‘ಸ್ಟವ್ ಸಿಡಿಯಿತು’ ಎಂದವಳು, ತವರಿನವರು ಬಂದ ತರುವಾಯ ಬೇರೊಂದನ್ನು ಹೇಳಬಹುದು. ಮೊದಲನೆಯದು ಭಯದ ಫಲವೋ, ಎರಡನೆಯದು ಬೋಧನೆಯ ಫಲವೋ ಎಂಬುದನ್ನು ಕಾಲಕ್ರಮವೊಂದರಿಂದ ನಿರ್ಧರಿಸಲಾಗದು. ಆಗ ಹತ್ತಿರವಿದ್ದವರಾರು, ಆಕೆಯ ಪ್ರಜ್ಞೆ ಹೇಗಿತ್ತು, ಗಾಯಗಳು ಏನನ್ನು ಸೂಚಿಸುತ್ತವೆ ಎಂಬುದನ್ನು ಪರಿಶೀಲಿಸಬೇಕು.

ಆದುದರಿಂದ ಮೂಲಭಾಷೆಯ ಮಾತನ್ನು ಕನ್ನಡ ಲಿಪಿಯಲ್ಲಿ ಬರೆದು, ಪಕ್ಕದಲ್ಲಿ ಅರ್ಥವನ್ನೂ ಭಾಷಾಂತರಿಸಿದವರ ಹೆಸರನ್ನೂ ನಮೂದಿಸುವುದು ಯುಕ್ತ. ಮೃತಳನ್ನು ಮತ್ತೆ ಪ್ರಶ್ನಿಸಲಾಗದು, ಬರೆದುಕೊಂಡವರನ್ನು ಪ್ರಶ್ನಿಸಬಹುದು.