ಜೂರಾಲದ ಹೂಳು, ಪೋಸ್ಟ್‌ಡಾಕ್ ದಾರಿ

ಪಿಎಚ್‌.ಡಿ. ಮುಗಿಸಿದವರು ಹಿರಿಯ ವಿಜ್ಞಾನಿಯೊಬ್ಬರ ಮಾರ್ಗದರ್ಶನದಲ್ಲಿ, ನಿಗದಿತ ಫೆಲೋಶಿಪ್ ಪಡೆದು ತಮ್ಮದೇ ವಿಷಯದ ಮೇಲೆ ಸಂಶೋಧನೆ ನಡೆಸುವುದೇ ಪೋಸ್ಟ್‌ಡಾಕ್. ಕೆರೆ, ಜಲಾಶಯ, ಜಲಾನಯನ ಓದಿದವರಲ್ಲಿ ಹಲವರ ಕಣ್ಣು ಮೊದಲು ಹೋಗುವುದು ಅಮೆರಿಕದ ಮಹಾಸರೋವರಗಳತ್ತ. ಮಿಷಿಗನ್ ವಿಶ್ವವಿದ್ಯಾಲಯದಲ್ಲೂ ಡುಲೂತ್‌ನ ಲಾರ್ಜ್ ಲೇಕ್ಸ್ ಅಬ್ಸರ್ವೇಟರಿಯಲ್ಲೂ ಅಂಥ ಸಂಶೋಧನೆ ನಡೆಯುತ್ತದೆ. ಆದರೆ ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯವರಿಗೆ ಒಳ್ಳೆಯ ವಿಷಯ ಊರ ಪಕ್ಕದಲ್ಲೇ ಇದೆ.

ಊರ ಪಕ್ಕದ ಪ್ರಶ್ನೆ

ಕರ್ನಾಟಕದ ನಾರಾಯಣಪುರ ಜಲಾಶಯ ದಾಟಿದ ಕೃಷ್ಣೆ ತಂಗಿಡಿ ಬಳಿ ತೆಲಂಗಾಣ ಸೇರುತ್ತಾಳೆ. ಭೀಮೆ ಅಲ್ಲೇ ಬಂದು ಕೂಡುತ್ತಾಳೆ. ಎರಡೂ ನದಿಗಳ ನೀರು ಗದ್ವಾಲ್ ಬಳಿಯ ಜೂರಾಲ ಜಲಾಶಯದಲ್ಲಿ ನಿಲ್ಲುತ್ತದೆ. ಇದರ ಪೂರ್ಣ ಮಟ್ಟ 318.516 ಮೀಟರ್. ಮೊದಲಿಗೆ 11.94 ಟಿಎಂಸಿ ಇದ್ದ ಸಂಗ್ರಹ ಈಗಿನ ಲೆಕ್ಕದಲ್ಲಿ 9.657 ಟಿಎಂಸಿ. ಉಳಿದದ್ದು ಹೂಳಿನ ಪಾಲಾಗಿದೆ. ಮಕ್ತಲ್ ಕಡೆಯ ಸಂಗಂಬಂಡ, ಭೂತ್ಪೂರ್ ಜಲಾಶಯಗಳಿಗೆ ಭೀಮಾ ಏತ ನೀರಾವರಿಯ ನೀರು ಬರುವುದೂ ಇದೇ ಹಿನ್ನೀರಿನಿಂದ. ಆದ್ದರಿಂದ ಹೂಳಿನ ಲೆಕ್ಕವೆಂದರೆ ಹೊಲದ ನೀರಿನ ಲೆಕ್ಕವೇ.

ಹೂಳನ್ನು ಅಳೆಯುವುದು ಹೇಗೆ?

ಹರಿಯುವ ನದಿ ನಿಂತ ನೀರಿಗೆ ಸೇರಿದೊಡನೆ ವೇಗ ಕಳೆದುಕೊಳ್ಳುತ್ತದೆ. ಮರಳು ಹಿನ್ನೀರಿನ ತುದಿಯಲ್ಲೇ ಕೂರುತ್ತದೆ, ನಯವಾದ ಮಣ್ಣು ಅಣೆಕಟ್ಟಿನತ್ತ ತೇಲಿ ಬಂದು ನಿಧಾನವಾಗಿ ಇಳಿಯುತ್ತದೆ. ದೋಣಿಯಲ್ಲಿ ಹೋಗಿ ಆಳ ಅಳೆಯುವುದು ಒಂದು ವಿಧಾನ. ಉಪಗ್ರಹ ಚಿತ್ರ ಬಳಸುವುದು ಇನ್ನೊಂದು. ಮಳೆಗಾಲ ಮುಗಿದ ಮೇಲೆ ನೀರು ಇಳಿಯುತ್ತಿರುವಾಗ ಬೇರೆ ಬೇರೆ ದಿನಗಳ ಸೆಂಟಿನೆಲ್-2 ಚಿತ್ರಗಳಿಂದ ನೀರು ಹರಡಿದ ವಿಸ್ತಾರ ಗುರುತಿಸಿ, ಆಯಾ ದಿನದ ನೀರಿನ ಮಟ್ಟದ ಜೊತೆ ಹೊಂದಿಸಬೇಕು. ಎರಡು ಮಟ್ಟಗಳ ನಡುವಿನ ಗಾತ್ರ ಲೆಕ್ಕ ಹಾಕಿ ಅಣೆಕಟ್ಟು ಕಟ್ಟುವಾಗಿನ ಮಟ್ಟ-ಸಂಗ್ರಹ ಕೋಷ್ಟಕಕ್ಕೆ ಹೋಲಿಸಿದರೆ ಎಷ್ಟು ಜಾಗ ತುಂಬಿದೆ ಎಂಬುದು ಗೊತ್ತಾಗುತ್ತದೆ. ನೀರು ಎಂದೂ ಇಳಿಯದ ತಳಭಾಗ ಚಿತ್ರದಲ್ಲಿ ಕಾಣದು. ಅಲ್ಲಿಗೆ ದೋಣಿಯೇ ಬೇಕು.

ನದಿಯ ಹರಿವಿನ ಮಾಹಿತಿಗೆ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರಗಳಿವೆ: ಕೃಷ್ಣೆಗೆ ಹೂವಿನಹೆಡಗಿ, ದೇವಸೂಗೂರು; ಭೀಮೆಗೆ ಯಾದಗಿರಿ. ಇಂಡಿಯಾ-ವ್ರಿಸ್ ಜಾಲತಾಣದಿಂದ ಹುಡುಕಲು ಶುರು ಮಾಡಬಹುದು.

ಎಲ್ಲಿಗೆ ಅರ್ಜಿ?

ಮುಖ್ಯ ದಾರಿ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್. ಹಿಂದೆ ಇದನ್ನು ಎಸ್‌ಇಆರ್‌ಬಿ (ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ) ನಡೆಸುತ್ತಿತ್ತು; 2023ರ ಕಾಯ್ದೆಯ ನಂತರ ಅನುಸಂಧಾನ ನ್ಯಾಷನಲ್ ರಿಸರ್ಚ್ ಫೌಂಡೇಶನ್ ಪಾಲಿಗೆ ಬಂದಿದೆ. ವಯೋಮಿತಿ, ಮೊತ್ತ, ಕೊನೆಯ ದಿನ ಬದಲಾಗುತ್ತಿರುತ್ತವೆ. ಹಳೆಯ ಸುತ್ತೋಲೆ ನಂಬದೆ ಹೊಸ ಅಧಿಸೂಚನೆಯನ್ನೇ ಓದಿ. ಸಂಸ್ಥೆಗಳು ತಮ್ಮ ಯೋಜನೆಗಳಿಗೆ ರಿಸರ್ಚ್ ಅಸೋಸಿಯೇಟ್ ಹುದ್ದೆ ಕರೆಯುವುದೂ ಉಂಟು.

ಮಾರ್ಗದರ್ಶಕರನ್ನು ವಿಷಯ ನೋಡಿ ಹುಡುಕಬೇಕು. ಅಂತರ್ಜಲಕ್ಕೆ ಹೈದರಾಬಾದಿನ ಎನ್‌ಜಿಆರ್‌ಐ (ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ), ಒಣಬೇಸಾಯದ ಜಲಾನಯನಕ್ಕೆ ಕ್ರಿಡಾ (ಕೇಂದ್ರೀಯ ಒಣಬೇಸಾಯ ಸಂಶೋಧನಾ ಸಂಸ್ಥೆ) ಮತ್ತು ಪಟಾನ್‌ಚೆರುವಿನ ಇಕ್ರಿಸ್ಯಾಟ್, ಉಪಗ್ರಹ ಮಾಹಿತಿಗೆ ಎನ್‌ಆರ್‌ಎಸ್‌ಸಿ (ರಾಷ್ಟ್ರೀಯ ದೂರಸಂವೇದಿ ಕೇಂದ್ರ), ಕೆರೆ ಮತ್ತು ಜೀವವೈವಿಧ್ಯಕ್ಕೆ ಬೆಂಗಳೂರಿನ ಏಟ್ರೀ ಹಾಗೂ ಭಾರತೀಯ ವಿಜ್ಞಾನ ಸಂಸ್ಥೆ, ಗಟ್ಟಿ ಶಿಲೆಯ ಪ್ರದೇಶಕ್ಕೆ ಬೆಳಗಾವಿಯಲ್ಲಿರುವ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಪ್ರಾದೇಶಿಕ ಕೇಂದ್ರ.

ಅರ್ಜಿಯಲ್ಲಿ ಏನಿರಬೇಕು?

ಅಧಿಸೂಚನೆ ಬರುವ ಮೊದಲೇ ಮಾರ್ಗದರ್ಶಕರಿಗೆ ಒಂದು ಪುಟದ ಟಿಪ್ಪಣಿ ಕಳಿಸಿ. ‘ಕೃಷ್ಣಾ ಜಲಾನಯನದ ಅಧ್ಯಯನ’ ಎಂದು ಬರೆದರೆ ಯಾರೂ ಓದರು. ‘ಭೀಮೆಯ ಪ್ರವಾಹ ಹೆಚ್ಚಾದ ವರ್ಷಗಳಲ್ಲಿ ಜೂರಾಲಕ್ಕೆ ಹೂಳು ಹೆಚ್ಚು ಬರುತ್ತದೆಯೇ?’ ಎಂದು ಕೇಳಿದರೆ ಮಾತು ಮುಂದುವರಿಯುತ್ತದೆ. ಯಾವ ಮಾಹಿತಿ ಕೈಯಲ್ಲಿದೆ, ಯಾವುದನ್ನು ಕ್ಷೇತ್ರದಲ್ಲೇ ಸಂಗ್ರಹಿಸಬೇಕು, ಮೊದಲ ವರ್ಷದ ಕೊನೆಗೆ ಏನು ಸಿಗುತ್ತದೆ ಎಂಬುದೂ ಅದರಲ್ಲಿರಲಿ.

ಎರಡು ಭಾಷೆ ಬಲ್ಲದ್ದನ್ನೂ ಬರೆಯಿರಿ. ಪಂಚದೇವಪಹಾಡ್ ದಡದಿಂದ ಕುರುವಪುರಕ್ಕೆ ನದಿ ದಾಟಿದರೆ ರಾಯಚೂರು ಜಿಲ್ಲೆ. ಹಿನ್ನೀರಿನ ಒಂದು ದಡದ ಕಡತ ತೆಲುಗಿನಲ್ಲಿ, ಇನ್ನೊಂದು ದಡದ್ದು ಕನ್ನಡದಲ್ಲಿ. ಎರಡನ್ನೂ ಓದಿ, ಎರಡೂ ಕಡೆಯ ರೈತರನ್ನು, ಮೀನುಗಾರರನ್ನು ನೇರವಾಗಿ ಮಾತನಾಡಿಸಬಲ್ಲ ಸಂಶೋಧಕರು ಕಡಿಮೆ. ಮಕ್ತಲ್ ಕಡೆಯ ಕನ್ನಡಿಗರಿಗೆ ಅದು ಹುಟ್ಟಿನಿಂದಲೇ ಬಂದ ಅರ್ಹತೆ.