ಎಣ್ಣೆ ಮುಚ್ಚಳದ ಅಡಿಯ ಕೆನೆ: ಹಳೆಯ ಟ್ರಕ್ಕಿನ ಎಂಜಿನ್ ಉಸಿರಾಡುವ ಬಗೆ

ನಾನಿರುವ ಮಿನ್ನೆಸೋಟದಲ್ಲಿ ಜನವರಿಯ ಮುಂಜಾವು ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿರುವುದು ಅಪರೂಪವಲ್ಲ. ಅಂಥ ಒಂದು ದಿನ ನನ್ನ 1994ರ ಫೋರ್ಡ್ ಎಫ್-150 ಟ್ರಕ್ಕಿಗೆ ಎಣ್ಣೆ ಹಾಕಲೆಂದು ಮುಚ್ಚಳ ತೆಗೆದೆ. ಅದರ ಒಳಮೈಗೆ ಹಾಲು ಹೆಚ್ಚಾದ ಕಾಫಿಯ ಬಣ್ಣದ ದಪ್ಪ ಕೆನೆ ಅಂಟಿಕೊಂಡಿತ್ತು. ಏರ್ ಫಿಲ್ಟರಿನ ಪೆಟ್ಟಿಗೆ ಬಿಚ್ಚಿದರೆ ತಳದಲ್ಲಿ ಎಣ್ಣೆಯ ಪಸೆ. ಗ್ಯಾರೇಜೊಂದರಲ್ಲಿ ಕೆನೆಯನ್ನು ಬೆರಳಿನಿಂದ ಸವರಿ ನೋಡಿ, ಹೆಡ್ ಗ್ಯಾಸ್ಕೆಟ್ ಹೋಗಿದೆ, ರಿಂಗುಗಳೂ ಸವೆದಿವೆ, ಎಂಜಿನ್ ಬಿಚ್ಚಿಸುವ ಖರ್ಚಿಗೆ ಇಂಥ ಇನ್ನೊಂದು ಗಾಡಿಯೇ ಬರುತ್ತದೆ ಎಂದರು. ಆ ತೀರ್ಪನ್ನು ಒಪ್ಪಿದ್ದರೆ ಟ್ರಕ್ಕು ಗುಜರಿ ಸೇರುತ್ತಿತ್ತು. ಒಪ್ಪುವ ಮುನ್ನ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಂಡೆ: ನೀರು ಎಲ್ಲಿಂದ ಬಂತು? ಎಣ್ಣೆ ಅಲ್ಲಿಗೆ ಹೇಗೆ ಹೋಯಿತು?

ಪಿಸ್ಟನ್ನುಗಳ ಕೆಳಗೆ, ಕ್ರ್ಯಾಂಕ್ ದಂಡ ತಿರುಗುವ ಮತ್ತು ಎಣ್ಣೆ ನಿಲ್ಲುವ ಕೋಣೆಯೇ ಕ್ರ್ಯಾಂಕ್‌ಕೇಸ್. ಹೊಸ ಎಂಜಿನ್ನಿನಲ್ಲಿಯೂ ರಿಂಗುಗಳ ಸಂದಿಯಿಂದ ದಹನದ ಅನಿಲ ಅಷ್ಟಿಷ್ಟು ಈ ಕೋಣೆಗೆ ನುಸುಳುತ್ತದೆ. ನಮ್ಮ ಹೆದ್ದಾರಿ ಬದಿಯ ಲಾರಿ ಮೇಸ್ತ್ರಿಗಳು ಇದನ್ನೇ ‘ಬ್ಯಾಕ್ ಕಂಪ್ರೆಷನ್’ ಎನ್ನುತ್ತಾರೆ. ಎಂಜಿನ್ ಓಡುತ್ತಿರುವಾಗ ಎಣ್ಣೆ ಮುಚ್ಚಳ ತೆಗೆದು, ಹೊಗೆ ನುಗ್ಗುವ ರಭಸ ಕಂಡು ರಿಂಗುಗಳ ಆಯುಸ್ಸು ಹೇಳುವುದು ಅವರ ಕ್ರಮ. ಆ ಅನಿಲದಲ್ಲಿ ಉರಿಯದ ಪೆಟ್ರೋಲಿನ ಆವಿ, ಆಮ್ಲಗಳು ಮತ್ತು ನೀರಿನ ಆವಿ ಇರುತ್ತವೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹುಟ್ಟುವ ನೀರೂ ಸುಮಾರು ಒಂದು ಲೀಟರ್ ಎಂದರೆ ಹಲವರು ನಂಬುವುದಿಲ್ಲ. ಬಹುಪಾಲು ಸೈಲೆನ್ಸರಿನಿಂದ ಹೊರಹೋಗುತ್ತದೆ. ಉಳಿದ ಅಲ್ಪಭಾಗವನ್ನು ಹೊರಹಾಕುವ ದಾರಿ ಕಟ್ಟಿಕೊಂಡರೆ ಅದು ಎಣ್ಣೆಯೊಡನೆ ಕಡೆದು ಕೆನೆಯಾಗುತ್ತದೆ.

ಹಿಂದೆ ಈ ಅನಿಲವನ್ನು ಒಂದು ಕೊಳವೆಯ ಮೂಲಕ ನೇರವಾಗಿ ರಸ್ತೆಗೆ ಬಿಡುತ್ತಿದ್ದರು. ಲಾಸ್ ಏಂಜಲೀಸಿನ ಹೊಗೆಮಂಜಿಗೆ ವಾಹನಗಳ ಹೈಡ್ರೋಕಾರ್ಬನ್ ಕಾರಣವೆಂದು ತಿಳಿದ ಮೇಲೆ 1961ರ ಮಾದರಿಗಳಿಂದ ಕ್ಯಾಲಿಫೋರ್ನಿಯಾದಲ್ಲಿ, 1963ರ ಮಾದರಿಗಳಿಂದ ಅಮೆರಿಕದಾದ್ಯಂತ ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಷನ್, ಅಂದರೆ ಪಿಸಿವಿ, ಬಳಕೆಗೆ ಬಂತು. ಇದರಲ್ಲಿ ಶೋಧಿಸಿದ ತಾಜಾ ಗಾಳಿ ಒಂದು ಕೊಳವೆಯಿಂದ ಕ್ರ್ಯಾಂಕ್‌ಕೇಸಿಗೆ ಬರುತ್ತದೆ. ಒಳಗಿನ ಅನಿಲವನ್ನು ಇನ್‌ಟೇಕ್ ಮ್ಯಾನಿಫೋಲ್ಡಿನ ನಿರ್ವಾತವು ಪಿಸಿವಿ ವಾಲ್ವಿನ ಮೂಲಕ ಸೆಳೆದು ಮತ್ತೆ ಉರಿಸುತ್ತದೆ. ವಾಲ್ವಿನೊಳಗೆ ಸ್ಪ್ರಿಂಗಿನ ಮೇಲೆ ಕೂತ ಸಣ್ಣ ಗುಂಡು ಇದೆ. ಎಂಜಿನ್ ಐಡಲಿನಲ್ಲಿದ್ದಾಗ ನಿರ್ವಾತ ಪ್ರಬಲ. ಗುಂಡು ಎಳೆಯಲ್ಪಟ್ಟು ದಾರಿ ಕಿರಿದಾಗುತ್ತದೆ. ಆಕ್ಸಲರೇಟರ್ ಒತ್ತಿದಾಗ ನಿರ್ವಾತ ಇಳಿದು ದಾರಿ ಅಗಲವಾಗುತ್ತದೆ. ಎಂಜಿನ್ನಿಂದ ಎಂಜಿನ್ನಿಗೆ ಈ ಅಳತೆ ಬೇರೆ. ಅಂಗಡಿಯಲ್ಲಿ ನೋಡಲು ಒಂದೇ ತೆರನಾದ ಅಗ್ಗದ ವಾಲ್ವನ್ನು ತಂದು ಸಿಕ್ಕಿಸುವವರು ತೊಂದರೆಯನ್ನು ಕೊಂಡು ತರುತ್ತಾರೆ.

ಮೊದಲು ನೀರಿನ ವಿಚಾರ. ಹೆಡ್ ಗ್ಯಾಸ್ಕೆಟ್ ಸೀಳಿ ಕೂಲೆಂಟ್ ಎಣ್ಣೆಗೆ ಸೇರಿದ್ದರೆ ಕೆನೆ ಮುಚ್ಚಳಕ್ಕಷ್ಟೇ ಸೀಮಿತವಾಗಿರುವುದು ಕಡಮೆ. ಡಿಪ್‌ಸ್ಟಿಕ್ಕಿನ ಎಣ್ಣೆಯೂ ಹಾಲುಗೂಡಿ, ಕೂಲೆಂಟಿನ ಮಟ್ಟ ಇಳಿಯುತ್ತಿರುತ್ತದೆ. ನನ್ನ ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಸ್ವಚ್ಛವಾಗಿತ್ತು. ಗುರುತು ಹಾಕಿಟ್ಟ ಕೂಲೆಂಟು ಎರಡು ವಾರ ಕದಲಲಿಲ್ಲ. ಹಾಗಾದರೆ ಈ ನೀರು ಪೆಟ್ರೋಲಿನಿಂದಲೇ ಹುಟ್ಟಿ, ಎಂಜಿನ್ನಿನ ಅತ್ಯಂತ ತಣ್ಣನೆಯ ಜಾಗವಾದ ಮುಚ್ಚಳದಲ್ಲಿ ಹನಿಗಟ್ಟಿದ್ದು. ನನ್ನ ಕೆಲಸದ ಸ್ಥಳ ಮನೆಯಿಂದ ನಾಲ್ಕೇ ಮೈಲಿ. ಕೂಲೆಂಟಿಗಿಂತ ಎಣ್ಣೆ ಬಿಸಿಯಾಗುವುದು ನಿಧಾನ. ಆವಿ ಹಾರಿಹೋಗುವಷ್ಟು ಅದು ಕಾಯುವ ಮೊದಲೇ ನಾನು ಕೀಲಿ ತಿರುಗಿಸಿಬಿಡುತ್ತಿದ್ದೆ. ಸಾಲದ್ದಕ್ಕೆ ತಾಪಮಾಪಕದ ಮುಳ್ಳು ಎಂದೂ ನಡುವಿಗೆ ಏರುತ್ತಿರಲಿಲ್ಲ. ಸುಮಾರು 90 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ತೆರೆಯಬೇಕಾದ ಥರ್ಮೋಸ್ಟಾಟ್ ಬಾಯ್ತೆರೆದೇ ಸಿಕ್ಕಿಕೊಂಡಿತ್ತು.

ಎಣ್ಣೆಯ ಪ್ರಶ್ನೆ ಇದಕ್ಕಿಂತ ತೊಡಕಿನದು. ಒಳಗೆ ನುಸುಳುವ ಅನಿಲ ಪಿಸಿವಿ ಸೆಳೆಯುವುದಕ್ಕಿಂತ ಹೆಚ್ಚಾದರೆ ಅದು ತಾಜಾ ಗಾಳಿಯ ಕೊಳವೆಯಲ್ಲೇ ಹಿಂದಕ್ಕೆ ಹರಿದು, ಎಣ್ಣೆಯ ತುಂತುರನ್ನು ಏರ್ ಫಿಲ್ಟರಿಗೆ ಒಯ್ಯುತ್ತದೆ. ಸೆಳೆಯುವ ದಾರಿ ಕಟ್ಟಿದ್ದರೂ ಫಲ ಇದೇ. ಮೊದಲನೆಯದು ಎಂಜಿನ್ನಿನ ಮುಪ್ಪು. ಎರಡನೆಯದು ಬರಿಯ ಕೊಳೆ. ಹಿಂದಿನ ಮಾಲೀಕರು ಹೊಸ ವಾಲ್ವ್ ಹಾಕಿದ್ದರು. ಅಲ್ಲಾಡಿಸಿದರೆ ಟಕಟಕ ಎನ್ನುತ್ತಿತ್ತು. ಆ ಸದ್ದನ್ನು ನಂಬಿ ಕೈಬಿಡುವವರೇ ಬಹಳ. ನಾನು ಎಂಜಿನ್ ಐಡಲಿನಲ್ಲಿರುವಾಗ ವಾಲ್ವನ್ನು ಅದರ ರಬ್ಬರಿನಿಂದ ಹೊರತೆಗೆದು ಬಾಯಿಗೆ ಬೆರಳಿಟ್ಟೆ. ಸೆಳೆತವೇ ಇಲ್ಲ. (ಈ ಪರೀಕ್ಷೆಗೆ ಮಫ್ಲರ್ ಬಿಚ್ಚಿಟ್ಟು ಹೋಗಬೇಕು, ಫ್ಯಾನು ಪಕ್ಕದಲ್ಲೇ ಇರುತ್ತದೆ; ಮುಚ್ಚಿದ ಶೆಡ್ಡಿನಲ್ಲಂತೂ ಎಂಜಿನ್ ಓಡಿಸಲೇಬಾರದು.) ವಾಲ್ವಿನಿಂದ ಮ್ಯಾನಿಫೋಲ್ಡಿಗೆ ಹೋಗುವ ಕೊಳವೆ ಮೆತ್ತಗಾಗಿ ಒಳಗೇ ಕುಸಿದಿತ್ತು. ಮ್ಯಾನಿಫೋಲ್ಡಿನ ಮೂತಿಯಲ್ಲಿ ಕಾಡಿಗೆಯಂಥ ಇಂಗಾಲ ಗಟ್ಟಿಯಾಗಿ ಕೂತಿತ್ತು. ತಂತಿಯಿಂದ ಕೆರೆದು, ಕಾರ್ಬುರೇಟರ್ ಕ್ಲೀನರ್ ಹೊಡೆದು, ಹೊಸ ಕೊಳವೆ ಹಾಕಲು ಒಂದು ಮಧ್ಯಾಹ್ನ ಹಿಡಿಯಿತು.

ಆಮೇಲೆ ಎಣ್ಣೆ ಹಾಕುವ ಬಾಯಿಯ ಮೇಲೆ ತೆಳು ಕಾಗದವನ್ನಿಟ್ಟೆ. ತಾಜಾ ಗಾಳಿಯ ಕೊಳವೆ ಬೇರೆಡೆ ಇರುವ ಎಂಜಿನ್ನುಗಳಲ್ಲಿ ಅದನ್ನು ಮುಚ್ಚಿಕೊಂಡು ಹೀಗೆ ಮಾಡಬೇಕು. ಕಾಗದ ಬಾಯಿಗೆ ಅಂಟಿ ನಿಂತಿತು. ಅದು ಮೇಲಕ್ಕೆ ಹಾರಿದ್ದರೆ ರಿಂಗುಗಳನ್ನೇ ಶಂಕಿಸಬೇಕಿತ್ತು. ಆದರೂ ಸಂಶಯ ಉಳಿಸಬಾರದೆಂದು ಕಂಪ್ರೆಷನ್ ಅಳೆದೆ. ಆರೂ ಸಿಲಿಂಡರುಗಳು 140ರಿಂದ 152 ಪಿಎಸ್‌ಐ ನಡುವೆ ಇದ್ದವು. ಕನಿಷ್ಠವು ಗರಿಷ್ಠದ ಮುಕ್ಕಾಲು ಭಾಗಕ್ಕಿಂತ ಕೆಳಗಿಳಿಯಬಾರದೆಂಬುದು ನಿಯಮ. ಒಂದೇ ಸಿಲಿಂಡರ್ ದುರ್ಬಲವಾಗಿದ್ದರೆ ಅದರೊಳಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯುವುದುಂಟು. ಅಳತೆ ಏರಿದರೆ ರಿಂಗಿನ ದೋಷ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ಟಿನದು.

ಈ ಗೋಜೇ ಬೇಡವೆಂದು ಕೊಳವೆ ಕಿತ್ತು ಗಾಳಿಗೆ ಬಿಡುವವರನ್ನು ಕಂಡಿದ್ದೇನೆ. ಅದು ಇಲ್ಲಿ ಕಾನೂನಿಗೆ ವಿರುದ್ಧ. ತಾಜಾ ಗಾಳಿ ಒಳಗೆ ಹರಿಯುವುದೂ ನಿಲ್ಲುವುದರಿಂದ ತೇವ ಇನ್ನಷ್ಟು ಹೆಚ್ಚುತ್ತದೆ. ಎಣ್ಣೆ ಹಿಡಿಯುವ ಡಬ್ಬಿಯೊಂದನ್ನು ನಡುವೆ ಜೋಡಿಸುವ ಅಭ್ಯಾಸವೂ ಇದೆ. ನಮ್ಮಂಥ ಚಳಿಯಲ್ಲಿ ಅದರೊಳಗಿನ ನೀರು ಹೆಪ್ಪುಗಟ್ಟಿ ದಾರಿ ಮುಚ್ಚಿದರೆ, ಒತ್ತಡವು ಸೀಲುಗಳ ಸಂದಿಯಿಂದ ಎಣ್ಣೆಯನ್ನು ಹೊರಗೆ ದಬ್ಬುತ್ತದೆ.

ಥರ್ಮೋಸ್ಟಾಟ್, ಕೊಳವೆ, ಹೊಸ ಎಣ್ಣೆ: ನನ್ನ ಖರ್ಚು ಇಷ್ಟೇ. ಈಗ ಪ್ರತಿ ಶನಿವಾರ ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ ಓಡಿಸುತ್ತೇನೆ. ನಿಂತಲ್ಲೇ ಎಂಜಿನ್ ಓಡಿಸಿದರೆ ಎಣ್ಣೆ ಸಾಕಷ್ಟು ಕಾಯುವುದಿಲ್ಲ. ಕಡು ಚಳಿಯ ವಾರ ಕಳೆದ ಮೇಲೆ ಮುಚ್ಚಳದಲ್ಲಿ ತೆಳ್ಳನೆಯ ಕೆನೆ ಈಗಲೂ ಕಾಣುವುದುಂಟು. ಅದನ್ನು ಬಟ್ಟೆಯಿಂದ ಒರೆಸಿ, ಡಿಪ್‌ಸ್ಟಿಕ್ ಒಮ್ಮೆ ನೋಡಿ ಮುಚ್ಚುತ್ತೇನೆ.