ಕುರಿಹಿಂಡಿನ ತಳಿಬಲ ಮತ್ತು ಟಗರು ಬದಲಾವಣೆಯ ಕ್ರಮ

ರಾಯಚೂರು ಸೀಮೆಯ ಬಿಸಿಲಿಗೂ ಒಣ ಮೇವಿಗೂ ಒಗ್ಗಿದ ಕುರಿ ತಳಿ ಕೆಂಗುರಿ. ಮೈಬಣ್ಣವೇ ಹೆಸರಾದ ಈ ತಳಿಯನ್ನು ಮುಖ್ಯವಾಗಿ ಮಾಂಸಕ್ಕಾಗಿ ಸಾಕಲಾಗುತ್ತದೆ. ನರೇಗಾ ಅಡಿ ಕುರಿದೊಡ್ಡಿ ನಿರ್ಮಿಸಿಕೊಂಡು ಇಪ್ಪತ್ತು-ಮೂವತ್ತು ಕುರಿ ಸಾಕುವ ಕುಟುಂಬಗಳು ಮೇವು, ನೀರು, ಲಸಿಕೆಗಳ ಬಗ್ಗೆ ಕಾಳಜಿ ವಹಿಸುತ್ತವೆ. ಆದರೆ ಟಗರು ಯಾವ ಹಿಂಡಿನಲ್ಲಿ ಹುಟ್ಟಿತು ಎಂಬುದನ್ನು ವಿಚಾರಿಸುವವರು ವಿರಳ.

ಸಾಮಾನ್ಯವಾಗಿ ಹಿಂಡಿನಲ್ಲಿ ಹುಟ್ಟಿದ ಗಂಡುಮರಿಗಳ ಪೈಕಿ ದಷ್ಟಪುಷ್ಟವಾದುದನ್ನು ಮಾರದೆ ಮುಂದಿನ ಟಗರಾಗಿ ಉಳಿಸಿಕೊಳ್ಳುವುದು ರೂಢಿ. ತೊಂದರೆ ಆರಂಭವಾಗುವುದೇ ಇಲ್ಲಿ. ಕುರಿಯ ಗರ್ಭಾವಧಿ ಸುಮಾರು 150 ದಿನ. ಹೆಣ್ಣುಮರಿ ಒಂದು ವರ್ಷದ ಆಸುಪಾಸಿನಲ್ಲಿ ಬೆದೆಗೆ ಬರುತ್ತದೆ. ಆದ್ದರಿಂದ ಹೊಸ ಟಗರು ಬಂದ ಎರಡು ವರ್ಷದೊಳಗೆ ಅದರ ಮಗಳೇ ಅದಕ್ಕೆ ಜೋಡಿಯಾಗುವ ಸಂಭವವಿದೆ. ಅದನ್ನು ತೆಗೆದು ಮಗನನ್ನು ಉಳಿಸಿದರೂ ಸಂಬಂಧ ತಪ್ಪದು. ಇಂತಹ ಹಿಂಡಿನಲ್ಲಿ ಕುರಿಗಳು ಗಬ್ಬ ನಿಲ್ಲದೆ ಮತ್ತೆ ಮತ್ತೆ ಬೆದೆಗೆ ಬರುತ್ತವೆ. ಮರಿಗಳು ಹಗುರವಾಗಿ ಹುಟ್ಟಿ, ಹಾಲು ಬಿಡುವ ಮುನ್ನವೇ ಸಾಯುತ್ತವೆ. ಸಾಕಾಣಿಕೆದಾರರು ಇದನ್ನು ಮೇವಿನ ದೋಷವೆಂದೋ ಕಾಲದ ದೋಷವೆಂದೋ ಭಾವಿಸುವುದುಂಟು.

ಹೆಣ್ಣುಕುರಿಗಳ ಸಂಖ್ಯೆ ಹೆಚ್ಚಿಸಿದರೆ ದೋಷ ನೀಗುವುದಿಲ್ಲ ಎಂಬುದನ್ನು ಲೆಕ್ಕದಿಂದ ತಿಳಿಯಬಹುದು. ಗಂಡು ಮತ್ತು ಹೆಣ್ಣುಗಳ ಸಂಖ್ಯೆಯನ್ನು ಗುಣಿಸಿ, ನಾಲ್ಕು ಪಟ್ಟು ಮಾಡಿ, ಎರಡರ ಮೊತ್ತದಿಂದ ಭಾಗಿಸಿದರೆ ತಳಿ ದೃಷ್ಟಿಯಿಂದ ಹಿಂಡಿನ ನಿಜವಾದ ಗಾತ್ರ ದೊರೆಯುತ್ತದೆ. ಒಂದು ಟಗರು, 30 ಕುರಿಗಳಿದ್ದರೆ ಈ ಗಾತ್ರ 3.9 ಮಾತ್ರ. ಕುರಿಗಳನ್ನು 100ಕ್ಕೆ ಏರಿಸಿದರೂ ಅದು ನಾಲ್ಕನ್ನು ಮುಟ್ಟದು. ಅದೇ 30 ಕುರಿಗಳಿಗೆ ಸಂಬಂಧವಿಲ್ಲದ ಮೂರು ಟಗರುಗಳಿದ್ದರೆ ಸುಮಾರು 11 ಆಗುತ್ತದೆ. ಹುಟ್ಟುವ ಪ್ರತಿ ಮರಿಯ ಅರ್ಧ ಗುಣ ಗಂಡಿನಿಂದಲೇ ಬರುವುದು ಇದಕ್ಕೆ ಕಾರಣ.

ಮಾನ್ವಿಯ ಕಾಲುವೆ ಪ್ರದೇಶದಲ್ಲಿ ಭತ್ತದ ಕೊಯ್ಲಿನ ನಂತರ ಹೊಲದಲ್ಲಿ ಕುರಿ ತರುಬಿಸಲು ವಲಸೆ ಬರುವ ಹಿಂಡುಗಳಿಗೆ ಈ ಚಿಂತೆ ಅಷ್ಟಾಗಿ ಇರದು. ದಾರಿಯಲ್ಲಿ ಹಿಂಡುಗಳು ಸಂಧಿಸುವಾಗ ಟಗರುಗಳ ವಿನಿಮಯಕ್ಕೂ ಅವಕಾಶ ದೊರೆಯುತ್ತದೆ. ದೊಡ್ಡಿಯಲ್ಲಿ ಮುಚ್ಚಿಟ್ಟ ಹಿಂಡಿಗೆ ಆ ಅವಕಾಶವಿಲ್ಲವಾದುದರಿಂದ ಅದನ್ನು ಬುದ್ಧಿಪೂರ್ವಕವಾಗಿ ಏರ್ಪಡಿಸಬೇಕಾಗುತ್ತದೆ.

ಎಲ್ಲರೂ ಮೂರು ಟಗರು ಸಾಕಲಾರರು. ಮೇವಿನ ಖರ್ಚು ಅದನ್ನು ಒಪ್ಪದು. ಬದಲಾಗಿ ಮೂರು ಗ್ರಾಮಗಳ ಸಾಕಾಣಿಕೆದಾರರು ಒಂದು ಸರದಿಗೆ ಒಪ್ಪಿಕೊಳ್ಳಬಹುದು. ಮೊದಲ ಗ್ರಾಮದಲ್ಲಿ ಹುಟ್ಟಿದ ಟಗರು ಎರಡನೆಯದಕ್ಕೆ, ಎರಡನೆಯದರದು ಮೂರನೆಯದಕ್ಕೆ, ಮೂರನೆಯದರದು ಮೊದಲನೆಯದಕ್ಕೆ ಹೋಗಬೇಕು. ಹೆಣ್ಣುಕುರಿಗಳು ತಮ್ಮ ಗ್ರಾಮದಲ್ಲಿಯೇ ಉಳಿಯುತ್ತವೆ. ಎರಡು ವರ್ಷಕ್ಕೊಮ್ಮೆ ಇದೇ ದಿಕ್ಕಿನಲ್ಲಿ ಹೊಸ ಟಗರನ್ನು ಕಳುಹಿಸತಕ್ಕದ್ದು. ದಿಕ್ಕು ತಿರುಗಿಸಿದರೆ ಹಳೆಯ ಸಂಬಂಧ ಬೇಗ ಮರಳುತ್ತದೆ. ಹಿಂಡಿನಲ್ಲಿ ಹುಟ್ಟಿದ ಉಳಿದ ಗಂಡುಮರಿಗಳನ್ನು ನಾಲ್ಕು ತಿಂಗಳು ತುಂಬುವುದರೊಳಗೆ ಬೇರ್ಪಡಿಸದಿದ್ದರೆ ಈ ವ್ಯವಸ್ಥೆ ವ್ಯರ್ಥ.

ರಾಯಚೂರು ನಗರದ ಸಂತೆಯಲ್ಲಿ ಟಗರು ಕೊಳ್ಳುವವರು ಎರಡು ಸಂಗತಿ ಗಮನಿಸಬೇಕು. ಸಂತೆಯ ಟಗರಿನ ಹುಟ್ಟೂರು ತಿಳಿಯದು; ಅದು ನೆರೆಹೊರೆಯ ಹಿಂಡಿನದೇ ಆಗಿರಬಹುದು. ಬೇರೆ ತಳಿಯ ದೊಡ್ಡ ಟಗರು ತಂದರೆ ಮೊದಲ ಮರಿಗಳು ತೂಕ ಪಡೆಯಬಹುದಾದರೂ, ಅದೇ ಮುಂದುವರಿದಲ್ಲಿ ಕೆಂಗುರಿಯ ಗುಣ ಕಳೆದುಹೋಗುತ್ತದೆ. ಎಲ್ಲಿಂದಲೇ ತಂದರೂ ಟಗರನ್ನು ಮೂರು ವಾರ ಪ್ರತ್ಯೇಕವಾಗಿ ಕಟ್ಟಿ, ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ, ಪಿ.ಪಿ.ಆರ್. ಹಾಗೂ ಕರುಳುಬೇನೆ ಲಸಿಕೆ ಆಗಿರುವುದನ್ನು ಖಚಿತಪಡಿಸಿಕೊಂಡ ನಂತರವೇ ಹಿಂಡಿಗೆ ಬಿಡತಕ್ಕದ್ದು.

ಇದಕ್ಕೆಲ್ಲ ಒಂದು ನೋಟ್‌ಬುಕ್ ಸಾಕು. ಕಿವಿಯೋಲೆ ಸಂಖ್ಯೆ, ತಾಯಿ, ತಂದೆ ಟಗರು, ಹುಟ್ಟಿದ ತಿಂಗಳು, ಟಗರು ಬಂದ ಊರು, ಹೋದ ಊರು: ಇಷ್ಟನ್ನು ಬರೆದಿಟ್ಟು, ವಿನಿಮಯದ ದಿನ ಎರಡೂ ಕಡೆಯವರು ಸಹಿ ಮಾಡಿಕೊಳ್ಳಬೇಕು. ಟಗರು ಸತ್ತರೆ ನಷ್ಟ ಯಾರದೆಂಬುದನ್ನೂ ಅದೇ ಪುಟದಲ್ಲಿ ಮೊದಲೇ ನಮೂದಿಸುವುದು ಒಳಿತು. ಜಗಳಗಳು ಏಳುವುದು ಹೆಚ್ಚಾಗಿ ಆ ಒಂದು ಸಾಲು ಇಲ್ಲದಿರುವಲ್ಲಿಯೇ.